ಗ್ಯಾರಂಡ್ ರೈಫಲ್ ಮೂರನೇ ಗುಂಡಿಗೇ ಮುನಿಸಿಕೊಳ್ಳುತ್ತಿದೆ, ಯಾರಾದರೂ ದಾರಿ ಹೇಳಿ

ಒಹಾಯೊ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಬಹಳ ದಿನದ ಆಸೆಯೊಂದನ್ನು ತೀರಿಸಿಕೊಂಡೆ. ನಮ್ಮ ಒಹಾಯೊದ ಪೋರ್ಟ್ ಕ್ಲಿಂಟನ್ ಹತ್ತಿರ ಕ್ಯಾಂಪ್ ಪೆರಿ ಇದೆಯಲ್ಲ, ಅಲ್ಲಿ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಸಂಸ್ಥೆಯವರು ಅಮೆರಿಕದ ಸೈನ್ಯ ಬಳಸಿಬಿಟ್ಟ ಹಳೇ ಎಂ1 ಗ್ಯಾರಂಡ್‌ಗಳನ್ನು ಮಾರುತ್ತಾರೆ. ನಾನೂ ಒಂದು ತಂದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ಮಾಡಿದ್ದು, ನಂಬರ್ ನೋಡಿದರೆ 1943ರ ಆಸುಪಾಸು. ನಮ್ಮ ತಾತನಿಗಿಂತ ಸ್ವಲ್ಪ ಚಿಕ್ಕದು ಅಷ್ಟೇ.

ತೊಂದರೆ ಏನೆಂದರೆ, ಎಂಟು ತೋಟಾ ಇರುವ ಕ್ಲಿಪ್ ಹಾಕುತ್ತೇನೆ. ಮೊದಲ ಎರಡು ಈಡು ಸರಾಗವಾಗಿ ಹೋಗುತ್ತವೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಖಾಲಿ ಕೇಸು ಅರ್ಧ ಹೊರಗೆ ಬಂದು ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವು ಸಲ ಕೇಸು ಹೊರಗೆ ಹೋಗುತ್ತದೆ, ಆದರೆ ನಳಿಗೆಯ ಹಿಂಬಾಗಿಲಿನಂತಿರುವ ಬೋಲ್ಟ್ ಮುಂದಿನ ತೋಟಾ ಎತ್ತದೆ ಖಾಲಿ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಎಳೆದು ಬಿಟ್ಟರೆ ಮತ್ತೆ ಎರಡು ಈಡು ಸರಿ. ರೇಂಜಿನಲ್ಲಿ ಪಕ್ಕದವರು ನೋಡಿ ನಗುವ ಹಾಗಾಗಿದೆ.

ಹೊಸ ಸ್ಪ್ರಿಂಗ್, ಹೊಸ ಆಪರೇಟಿಂಗ್ ರಾಡ್, ಹೊಸ ಎಕ್ಸ್‌ಟ್ರಾಕ್ಟರ್ ಮೂರನ್ನೂ ಕಾರ್ಟ್‌ಗೆ ಹಾಕಿಟ್ಟಿದ್ದೇನೆ. ಬಟನ್ ಒತ್ತಲಾ, ಬೇಡವಾ?

ಗ್ರೀಸ್ ಗೋಪಿ (ಟೆಕ್ಸಸ್):
ಒತ್ತಬೇಡಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ನಾನೂ ಮೊದಲು ಹಾಗೇ ದುಡ್ಡು ಕಳೆದವನು.

ಈ ರೈಫಲ್ ಹೇಗೆ ಉಸಿರಾಡುತ್ತದೆ ಅಂತ ಒಂದು ಸಲ ತಿಳಿದುಕೊಳ್ಳಿ. ನಳಿಗೆಯ ಬಾಯಿಯ ಹತ್ತಿರ, ಕೆಳಗಡೆ, ಒಂದು ಸಣ್ಣ ತೂತು ಇದೆ. ಗುಂಡು ಅದನ್ನು ದಾಟಿದ ಕೂಡಲೇ ಸ್ವಲ್ಪ ಹೊಗೆ ಆ ತೂತಿನಿಂದ ಗ್ಯಾಸ್ ಸಿಲಿಂಡರಿಗೆ ಇಳಿದು ಆಪರೇಟಿಂಗ್ ರಾಡಿನ ತುದಿಯನ್ನು ಹಿಂದಕ್ಕೆ ತಳ್ಳುತ್ತದೆ. ರಾಡು ಹಿಂದೆ ಹೋಗುತ್ತಾ ಬೋಲ್ಟನ್ನು ತಿರುಗಿಸಿ ಬಿಚ್ಚುತ್ತದೆ, ಖಾಲಿ ಕೇಸನ್ನು ಎಸೆಯುತ್ತದೆ, ಕುದುರೆಯನ್ನು (ಹ್ಯಾಮರ್) ಎತ್ತಿಡುತ್ತದೆ. ಆಮೇಲೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ದಬ್ಬುತ್ತದೆ. ಇಷ್ಟೇ ಕಥೆ.

ನಿಮ್ಮ ರಾಡು ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಅದಕ್ಕೆ ಕಾರಣ ಎರಡೇ ಇರಬಹುದು. ಒಂದೋ ಹೊಗೆಯ ಬಲ ಎಲ್ಲೋ ಸೋರುತ್ತಿದೆ, ಇಲ್ಲವೇ ರಾಡಿಗೆ ಎಲ್ಲೋ ಉಜ್ಜುತ್ತಿದೆ. ಸ್ಪ್ರಿಂಗ್ ಸೋತಿದ್ದರೆ ರೋಗದ ಲಕ್ಷಣವೇ ಬೇರೆ. ಆಗ ರಾಡು ಹಿಂದಕ್ಕೆ ಸುಲಭವಾಗಿ ಹೋಗುತ್ತದೆ, ಮುಂದಕ್ಕೆ ಬರುವಾಗ ಒದ್ದಾಡುತ್ತದೆ. ಗ್ಯಾರಂಡಿನಲ್ಲಿ ತೋಟಾಗಳನ್ನು ಮೇಲಕ್ಕೆ ಎತ್ತುವುದೂ ಅದೇ ಸ್ಪ್ರಿಂಗ್. ಒಂದೇ ಎತ್ತಿಗೆ ಎರಡು ನೊಗ.

ನಾಲ್ಕು ಪ್ರಶ್ನೆ, ಉತ್ತರ ಹೇಳಿ:
ಖಾಲಿ ಕೇಸು ಎಲ್ಲಿ ಬೀಳುತ್ತದೆ? ನಳಿಗೆಯ ದಿಕ್ಕನ್ನು 12 ಗಂಟೆ ಅಂದುಕೊಂಡು ಹೇಳಿ.
ಯಾವ ತೋಟಾ ಹಾಕುತ್ತಿದ್ದೀರಿ?
ಎಣ್ಣೆ, ಗ್ರೀಸ್ ಎಲ್ಲೆಲ್ಲಿ ಹಚ್ಚಿದ್ದೀರಿ?
ಮುಂದುಗಡೆ ಗ್ಯಾಸ್ ಸಿಲಿಂಡರಿನ ಲಾಕ್ ಸ್ಕ್ರೂ ಬಿಗಿ ಇದೆಯಾ? ಅದನ್ನು ನೋಡುವ ಮೊದಲು ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಒಂದು ಸಲ ಕಣ್ಣಲ್ಲಿ, ಒಂದು ಸಲ ಕಿರುಬೆರಳಲ್ಲಿ.

ಹಳೇ ಹವಾಲ್ದಾರ್ (ಹಾಸನ):
ತಮ್ಮಾ, ನಾನು ಗ್ಯಾರಂಡ್ ಹಿಡಿದವನಲ್ಲ. ನಮ್ಮ ಕಾಲದಲ್ಲಿ ಇದ್ದದ್ದು ನಮ್ಮ ಸೈನ್ಯದ ರೈಫಲ್, ಇಶಾಪುರದ 1ಎ1 ಎಸ್‌ಎಲ್‌ಆರ್. ಆಮೇಲೆ ಇನ್ಸಾಸ್ ಬಂತು. ಆದರೆ ಗೋಪಿ ಹೇಳಿದ ರೋಗ ನನಗೆ ಚೆನ್ನಾಗಿ ಗೊತ್ತು.

ಎಸ್‌ಎಲ್‌ಆರ್‌ನಲ್ಲಿ ಗ್ಯಾಸ್ ರೆಗ್ಯುಲೇಟರ್ ಅಂತ ಒಂದು ಬಳೆ ಇರುತ್ತದೆ. ಅದನ್ನು ಪೂರ್ತಿ ಸಡಿಲ ಮಾಡಿ, ಮ್ಯಾಗಜಿನ್ನಿಗೆ ಒಂದೊಂದೇ ರೌಂಡ್ ಹಾಕಿ ಹೊಡೆಯುತ್ತಿದ್ದೆವು. ರೈಫಲ್ ಸರಿಯಾಗಿ ಕೆಲಸ ಮಾಡುವವರೆಗೆ ಬಿಗಿ ಮಾಡುತ್ತಾ ಬರುವುದು, ಆಮೇಲೆ ಇನ್ನೆರಡು ಕ್ಲಿಕ್ ಜಾಸ್ತಿ. ಮುಗಿಯಿತು. ಮಸಿ ಕಟ್ಟಿ ಸುಸ್ತಾದರೆ ಮತ್ತೊಂದು ಕ್ಲಿಕ್. ನಿಮ್ಮ ರೈಫಲಿನಲ್ಲಿ ಆ ಬಳೆ ಇಲ್ಲ. ಅದಕ್ಕೇ ಒಂದು ಕಡೆ ಸೋರಿದರೂ ಅದು ತಡೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಗ್ಯಾಸ್ ಸಿಲಿಂಡರಿನ ಒಳಗೆ ಎಣ್ಣೆ ಹಾಕಿದ್ದರೆ ಒರೆಸು. ಉಸ್ತಾದರು ನಮಗೆ ಇದನ್ನು ಬೈದೇ ಕಲಿಸಿದ್ದು. ಬಿಸಿ ಹೊಗೆ, ಎಣ್ಣೆ, ಮಸಿ ಮೂರೂ ಸೇರಿದರೆ ಒಲೆ ಮೇಲೆ ಬಿಟ್ಟ ಬೆಲ್ಲದ ಪಾಕ.

ಒಹಾಯೊ ಕನ್ನಡಿಗ:
ಗೋಪಿ, ಹವಾಲ್ದಾರ್ ಸರ್, ಇಬ್ಬರಿಗೂ ವಂದನೆ.

ಕೇಸು 4-5 ಗಂಟೆ ದಿಕ್ಕಿಗೆ, ಬಲಗಡೆ ಹಿಂದಕ್ಕೆ, ಕಾಲ ಹತ್ತಿರವೇ ಸುಮ್ನೆ ಜಾರಿ ಬೀಳುತ್ತದೆ. ತೋಟಾ ಇಲ್ಲೇ ಅಂಗಡಿಯಲ್ಲಿ ತಂದಿದ್ದು, ಜಿಂಕೆ ಬೇಟೆಯವರು ಕೊಳ್ಳುವಂಥದ್ದು, ಗುಂಡಿನ ತೂಕ 180 ಗ್ರೇನ್. ಎಣ್ಣೆ... ಹೇಳಲು ನಾಚಿಕೆ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆಯನ್ನು ಎಲ್ಲಾ ಕಡೆ ಹಾಕಿದ್ದೆ. ಸಿಲಿಂಡರಿಗೂ. ಗ್ರೀಸ್ ಎಲ್ಲೂ ಇಲ್ಲ.

ಲಾಕ್ ಸ್ಕ್ರೂ ಬೆರಳಲ್ಲೇ ಅಲ್ಲಾಡುತ್ತಿದೆ!

ಗ್ರೀಸ್ ಗೋಪಿ:
ಸಿಕ್ಕಿತು ಒಂದು ಕಳ್ಳ. ಸ್ಕ್ರೂ ಸಡಿಲ ಇದ್ದರೆ ಹೊಗೆ ಮುಂದಿನಿಂದಲೇ ಓಡಿಹೋಗುತ್ತದೆ. ಆದರೆ ಕಣ್ಣು ಮುಚ್ಚಿ ಬಿಗಿ ಮಾಡಬೇಡಿ. ಮೊದಲು ಸ್ಕ್ರೂ ಬಿಚ್ಚಿ. ಲಾಕನ್ನು ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಅದು ಸಿಲಿಂಡರಿನ ಸಾಲಿಗೆ, ಅಂದರೆ 6 ಗಂಟೆ ದಿಕ್ಕಿಗೆ, ಸರಿಯಾಗಿ ನಿಲ್ಲುತ್ತದೆಯೇ ನೋಡಿ. ದಾಟಿ ಹೋಗುವ ಹಾಗಿದ್ದರೆ ಹಿಂದಕ್ಕೆ ತಂದು ಸಾಲಿಗೆ ನಿಲ್ಲಿಸಿ. ಆಮೇಲೆ ಸ್ಕ್ರೂ ಹಾಕಿ ಗಟ್ಟಿ ಮಾಡಿ.

ಹೇಗೂ ಬಿಚ್ಚಿದ್ದೀರಿ, ಸಿಲಿಂಡರ್ ಒಣಗಿಸಿ. ಮಸಿ ಇದ್ದರೆ ಬಟ್ಟೆ, ಬ್ರಷ್ಷು ಸಾಕು. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಿಸಬೇಡಿ. ರಾಡಿನ ತುದಿಗೂ ಅಷ್ಟೇ. ಆ ತುದಿಯ ದಪ್ಪ 0.525 ಇಂಚಿಗಿಂತ ಕಡಿಮೆ ಇರಬಾರದು. ಹೊಸದಿದ್ದಾಗಲೇ ಇರುವುದು 0.526. ಫಳಫಳ ಹೊಳೆಯಲಿ ಅಂತ ಉಜ್ಜಿ ಉಜ್ಜಿ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಮೈಕ್ರೋಮೀಟರ್ ಇದ್ದರೆ ಸುತ್ತ ಮೂರ್ನಾಲ್ಕು ಕಡೆ ಅಳೆಯಿರಿ.

ಸ್ಪ್ರಿಂಗನ್ನೂ ಅಳತೆಪಟ್ಟಿ ಮೇಲೆ ಇಡಿ. ಹೊಸದು ಹೆಚ್ಚುಕಡಿಮೆ 20 ಇಂಚು ಕಾಲು. 19 ಇಂಚು ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಬದಲಾಯಿಸಿ.

ಇನ್ನು ಆ 180 ಗ್ರೇನ್ ತೋಟಾ ಇವತ್ತೇ ಪಕ್ಕಕ್ಕಿಡಿ. ನಿಮ್ಮ ಈಗಿನ ರೋಗಕ್ಕೆ ಅದು ಕಾರಣವಲ್ಲ, ಮುಂದಿನ ರೋಗಕ್ಕೆ ಅದೇ ಕಾರಣವಾಗುತ್ತದೆ. ಗ್ಯಾರಂಡಿಗೆ ಒಗ್ಗುವುದು ಯುದ್ಧಕಾಲದ ಸೈನ್ಯದ ತೋಟಾದಂಥದ್ದು, ಗುಂಡು 150 ಗ್ರೇನ್ ಆಸುಪಾಸು. ಭಾರದ ಗುಂಡು, ನಿಧಾನ ಉರಿಯುವ ಮದ್ದು ಇರುವ ಬೇಟೆ ತೋಟಾದಲ್ಲಿ ಗುಂಡು ಆ ತೂತಿನ ಹತ್ತಿರ ಬರುವಾಗಲೂ ಒತ್ತಡ ಜಾಸ್ತಿ ಉಳಿದಿರುತ್ತದೆ. ಅದು ರಾಡನ್ನು ಹೊಡೆದು ಹೊಡೆದು ಬಗ್ಗಿಸುತ್ತದೆ. ಗ್ಯಾರಂಡಿಗೆಂದೇ ಮಾಡಿದ ತೋಟಾ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತಾರೆ. ಬೇರೆ ತೋಟಾ ಹಾಕಲೇಬೇಕು ಅಂದರೆ ಹೊಂದಿಸಬಹುದಾದ ಗ್ಯಾಸ್ ಪ್ಲಗ್ ಸಿಗುತ್ತದೆ. ಒಂಥರಾ ಹವಾಲ್ದಾರ್ ಸರ್ ಹೇಳಿದ ಬಳೆಯ ತಮ್ಮ.

ಗ್ರೀಸ್: ಜಾರುವ ಕಡೆ ಗ್ರೀಸ್, ತಿರುಗುವ ಕಡೆ ಎಣ್ಣೆ. ಬೋಲ್ಟಿನ ಎರಡು ಕಿವಿ, ರಾಡು ಓಡಾಡುವ ತೋಡು, ಬೋಲ್ಟಿನ ಬಲಗಿವಿ ರಾಡಿನಲ್ಲಿ ಕೂರುವ ಜಾಗ, ನಳಿಗೆ ಕೆಳಗೆ ರಾಡು ತಾಗುವ ಜಾಗ. ಕಡಲೆಕಾಳಿನಷ್ಟು ಸಾಕು. ಹೋಳಿಗೆಗೆ ತುಪ್ಪ ಹಾಕಿದ ಹಾಗೆ ಸುರಿಯಬೇಡಿ. ಎರಡನೇ ಮಹಾಯುದ್ಧದಲ್ಲಿ ಮಳೆಗೆ ಎಣ್ಣೆ ತೊಳೆದುಹೋಗುತ್ತದೆ ಅಂತಲೇ ಸೈನಿಕರಿಗೆ ಗ್ರೀಸಿನ ಪುಟ್ಟ ಡಬ್ಬಿ ಕೊಡಲು ಶುರು ಮಾಡಿದ್ದು.

ಬರೀ ಓದುಗ:
ನನ್ನ ಹತ್ತಿರ ಕೋವಿ ಇಲ್ಲ, ಕುತೂಹಲ ಮಾತ್ರ. ಎಂಟನೇ ಗುಂಡಾದ ಮೇಲೆ 'ಟಿಂಗ್' ಅಂತ ಕ್ಲಿಪ್ ಹಾರುತ್ತದಲ್ಲ, ಆ ಶಬ್ದ ಕೇಳಿ ಶತ್ರು ಮೇಲೆ ಬೀಳುತ್ತಿದ್ದ ಅನ್ನುವುದು ನಿಜವಾ?

ಹಳೇ ಹವಾಲ್ದಾರ್:
ಒಂದು ಸೆಕ್ಷನ್ ಫೈರ್ ಮಾಡುವಾಗ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲಪ್ಪ. ನೂರು ಗಜ ಆಚೆ ಇರುವವನಿಗೆ ತಗಡಿನ ಟಿಂಗ್ ಕೇಳುತ್ತಾ? ಒಬ್ಬನ ಕ್ಲಿಪ್ ಖಾಲಿಯಾದರೆ ಪಕ್ಕದ ಒಂಬತ್ತು ಜನರದು ಖಾಲಿಯಾಗಿರುತ್ತದಾ?

ಗ್ರೀಸ್ ಗೋಪಿ:
ಸರ್ ಹೇಳಿದ್ದು ಸರಿ. ಓದುಗರಿಗೆ ಇದಕ್ಕಿಂತ ಒಳ್ಳೆಯ ಕಥೆ ಇದೆ. ಜಾನ್ ಗ್ಯಾರಂಡ್ ಹುಟ್ಟಿದ್ದು ಕೆನಡಾದ ಕ್ವಿಬೆಕ್‌ನಲ್ಲಿ, 1888ರಲ್ಲಿ. ಮ್ಯಾಸಚೂಸೆಟ್ಸಿನ ಸರ್ಕಾರಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ನೌಕರಿ. 1936ರಲ್ಲಿ ಸೈನ್ಯ ಅವರ ರೈಫಲನ್ನು ಒಪ್ಪಿಕೊಂಡಿತು. 1957ರ ತನಕ ಸುಮಾರು 54 ಲಕ್ಷ ತಯಾರಾದವು. ಪೇಟೆಂಟನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟಿದ್ದರು, ಒಂದೊಂದು ರೈಫಲಿಗೆ ಇಷ್ಟು ಅಂತ ಒಂದು ಕಾಸೂ ಅವರಿಗೆ ಬರಲಿಲ್ಲ.

ಮೊದಲ ರೈಫಲ್‌ಗಳಿಗೂ ಬಾಲಗ್ರಹ ಇತ್ತು. ಶುರುವಿನಲ್ಲಿ ನಳಿಗೆಯಲ್ಲಿ ತೂತೇ ಇರಲಿಲ್ಲ, ಬಾಯಿಂದ ಹೊರಗೆ ಬಂದ ಹೊಗೆಯನ್ನು ಒಂದು ಟೋಪಿಯಲ್ಲಿ ಹಿಡಿಯುತ್ತಿದ್ದರು. ಅದು ಸರಿಹೋಗದೆ 1940ರ ಹೊತ್ತಿಗೆ ತೂತು ಕೊರೆಯುವ ಈಗಿನ ಕ್ರಮ ಬಂತು. ಅದೇ ಸುಮಾರಿಗೆ ಏಳನೇ ತೋಟಾ ಮಾತ್ರ ಸಿಕ್ಕಿಕೊಳ್ಳುವ ಇನ್ನೊಂದು ಕಾಯಿಲೆ. ಅದನ್ನೂ ತಿದ್ದಿದರು. 1943ರ ರೈಫಲಿಗೆ ಇವೆರಡೂ ಇಲ್ಲ, ಒಹಾಯೊದವರು ಹೆದರಬೇಡಿ.

ತೋಕ್‌ಪೂ (ವಿರಾಜಪೇಟೆ):
ನಮ್ಮನೆಯಲ್ಲಿರುವುದು 12 ಬೋರಿನ ಡಬಲ್ ಬ್ಯಾರಲ್, ಮಾವನ ಕಾಲದ್ದು. ನಿಮ್ಮ ಗ್ಯಾಸು ಗೀಸು ನನಗೆ ಗೊತ್ತಿಲ್ಲ. ತುಕ್ಕಿನ ವಿಷಯ ಮಾತ್ರ ಕೊಡಗಿನವರನ್ನು ಕೇಳಿ.

ನಮ್ಮ ಕೊಡವರ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಯನ್ನೆಲ್ಲ ಇಟ್ಟು, ತೋಕ್‌ಪೂ ಹೂವು ಏರಿಸಿ, ಗಂಧ ಹಚ್ಚಿ ಪೂಜೆ ಮಾಡುತ್ತೇವೆ. ಸೆಪ್ಟೆಂಬರ್ ತಿಂಗಳು, ಇನ್ನೂ ಮಳೆ ಬಿಟ್ಟಿರುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಭಕ್ತಿ ಜಾಸ್ತಿಯಾಗಿ ನಳಿಗೆ ಉದ್ದಕ್ಕೂ ಒದ್ದೆ ಗಂಧ ಹಚ್ಚಿ, ಮೂರು ದಿನ ಹಾಗೇ ಬಿಟ್ಟಿದ್ದೆ. ಒರೆಸಿದಾಗ ಬೆರಳಿನ ಗುರುತು ಒಂದೊಂದೂ ತುಕ್ಕಾಗಿ ಕೂತಿತ್ತು. ಅತ್ತೆ ಏನೂ ಹೇಳಲಿಲ್ಲ. ಅದೇ ಜಾಸ್ತಿ ನೋವು.

ಈಗ ಗಂಧ, ಕುಂಕುಮ ಮರಕ್ಕೆ ಮಾತ್ರ. ಕಬ್ಬಿಣಕ್ಕೆ ಹಚ್ಚಲೇಬೇಕು ಅಂದರೆ ಮೊದಲು ಎಣ್ಣೆ ಬಟ್ಟೆಯಲ್ಲಿ ಒರೆಸಿ ಹಚ್ಚುವುದು, ಸಂಜೆಯೇ ತೆಗೆಯುವುದು. ಚರ್ಮದ ಚೀಲದಲ್ಲಿ ಇಟ್ಟು ಬೀರುವಿಗೆ ಹಾಕಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಆಯುಧಪೂಜೆ ಹತ್ತಿರ ಬರುತ್ತಿದೆ, ಅಮೆರಿಕದ ಅಣ್ಣಂದಿರು ನೆನಪಿಟ್ಟುಕೊಳ್ಳಿ.

ಒಹಾಯೊ ಕನ್ನಡಿಗ:
ಅಕ್ಕ, ಹೋದ ವರ್ಷವೇ ಅರಿಶಿನ ಕುಂಕುಮ ಹಚ್ಚಿದ್ದೆ. ಈಗ ಓಡಿಹೋಗಿ ನೋಡಿದೆ. ಪುಣ್ಯಕ್ಕೆ ಏನೂ ಆಗಿಲ್ಲ.

ವರದಿ: ಸ್ಕ್ರೂ ಬಿಗಿ ಮಾಡಿದೆ. ಸಿಲಿಂಡರ್ ಒಣಗಿಸಿದೆ. ಗ್ರೀಸ್ ಹಚ್ಚಿದೆ. ರಾಡಿನ ತುದಿ 0.5255, ಪಾಸ್. ಸ್ಪ್ರಿಂಗ್ ಮಾತ್ರ 19 ಇಂಚು ಕಾಲು, ಫೇಲ್. ಹೊಸದಕ್ಕೆ ಬರೆದಿದ್ದೇನೆ. 150 ಗ್ರೇನ್ ತೋಟಾ ತಂದು ನಿನ್ನೆ ಹೊಡೆದೆ. ಮೊದಲಿಗಿಂತ ಎಷ್ಟೋ ವಾಸಿ. ಆದರೂ ಒಂದು ಕ್ಲಿಪ್ಪಿಗೆ ಒಂದು ಸಲವಾದರೂ ಸಿಕ್ಕಿಕೊಳ್ಳುತ್ತದೆ. ಕೇಸು ಇನ್ನೂ 4 ಗಂಟೆಗೇ ಬೀಳುತ್ತಿದೆ.

ಜೊತೆಗೆ ಎಡವಟ್ಟು. ಬೋಲ್ಟ್ ಹಿಂದೆ ನಿಲ್ಲಿಸಿ ಒಳಗೆ ಒರೆಸುತ್ತಿದ್ದಾಗ ಫಟ್ ಅಂತ ಮುಚ್ಚಿಕೊಂಡು ಹೆಬ್ಬೆರಳು ಜಜ್ಜಿತು. ಉಗುರು ನೇರಳೆಹಣ್ಣು.

ಗ್ರೀಸ್ ಗೋಪಿ:
ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ. ಆ ಗಾಯಕ್ಕೆ ಇಲ್ಲಿ 'ಗ್ಯಾರಂಡ್ ಹೆಬ್ಬೆರಳು' ಅಂತಲೇ ಹೆಸರು. ಮ್ಯಾಗಜಿನ್ ಖಾಲಿ ಇದ್ದಾಗ ಒಳಗಿನ ಫಾಲೋವರನ್ನು (ತೋಟಾ ಮೇಲಕ್ಕೆ ಎತ್ತುವ ತಟ್ಟೆ) ಒತ್ತಿದರೆ ಬೋಲ್ಟ್ ಬಿಡುತ್ತದೆ. ಬಟ್ಟೆ ಒಳಗೆ ತೂರಿಸುವಾಗ ನೀವು ಅದನ್ನೇ ಒತ್ತಿದ್ದೀರಿ. ಇನ್ನು ಮೇಲೆ ಕೈ ಒಳಗೆ ಹಾಕುವಾಗಲೆಲ್ಲ ಬಲಗೈಯ ಅಂಚನ್ನು ರಾಡಿನ ಹಿಡಿಗೆ ಆನಿಸಿಕೊಂಡೇ ಇರಿ.

ಹಾಗೇ, ಒಂದೇ ತೋಟಾವನ್ನು ಕೈಯಿಂದ ಚೇಂಬರಿಗೆ ಇಳಿಸಿ ಬೋಲ್ಟನ್ನು ಫಟ್ ಅಂತ ಬಿಡಬೇಡಿ. ಈ ರೈಫಲಿನಲ್ಲಿ ತೋಟಾದ ತಳದ ಕೇಪಿಗೆ ಹೊಡೆಯುವ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ, ಸಡಿಲವಾಗಿ ಓಡಾಡುತ್ತದೆ. ಕೇಪು ಸ್ವಲ್ಪ ಉಬ್ಬಿದ್ದರೆ ಟ್ರಿಗರ್ ಮುಟ್ಟದೆಯೇ ಈಡು ಹೊಡೆದುಬಿಡಬಹುದು.

ಸೋರಿಕೆ ನಿಂತಿದೆ, ಅಂದರೆ ಉಳಿದಿದ್ದು ಉಜ್ಜಾಟ. ಈಗ ವಾಲಿಸಿ ನೋಡುವ ಪರೀಕ್ಷೆ. ಸ್ಪ್ರಿಂಗ್, ಅದರೊಳಗಿನ ಕಡ್ಡಿ, ಫಾಲೋವರ್, ಸಣ್ಣಪುಟ್ಟದ್ದೆಲ್ಲ ತೆಗೆದಿಡಿ. ಬೋಲ್ಟ್ ಮತ್ತು ರಾಡು ಮಾತ್ರ ಇರಲಿ. ಮೊದಲು ಮರ (ರೈಫಲಿನ ಮರದ ಮೈ) ಇಲ್ಲದೆ ನೋಡಿ. ನಳಿಗೆಯನ್ನು ಮೇಲಕ್ಕೆತ್ತಿದರೆ ರಾಡು ತನ್ನ ಭಾರಕ್ಕೇ ಸರ್ರಂತ ಹಿಂದಕ್ಕೆ ಜಾರಬೇಕು, ಇಳಿಸಿದರೆ ಮುಂದಕ್ಕೆ ಬರಬೇಕು. ಆಮೇಲೆ ಮರ ಹಾಕಿ, ಟ್ರಿಗರ್ ಗುಂಪು ಕೂರಿಸಿ, ಗಾರ್ಡ್ ಮುಚ್ಚಿ, ಮತ್ತೆ ಅದೇ ಮಾಡಿ. ಎರಡಕ್ಕೂ ವ್ಯತ್ಯಾಸ ಕಂಡರೆ ಕಳ್ಳ ಮರದಲ್ಲಿದ್ದಾನೆ.

ಒಹಾಯೊ ಕನ್ನಡಿಗ:
ಮಾಡಿದೆ. ಮರ ಇಲ್ಲದೆ ನೀರಿನ ಹಾಗೆ ಜಾರುತ್ತದೆ. ಮರ ಹಾಕಿ ಗಾರ್ಡ್ ಮುಚ್ಚಿದರೆ ನಡುವೆ ಒಂದು ಕಡೆ ನಿಂತೇ ಬಿಡುತ್ತದೆ. ತಟ್ಟಿದರೆ ಮುಂದೆ ಹೋಗುತ್ತದೆ.

ಅಂದಹಾಗೆ, ಮೊದಲೇ ಹೇಳಬೇಕಿತ್ತೇನೋ. ರೈಫಲ್ ಜೊತೆ ಬಂದ ಮರ ಗೀರುಬಿದ್ದು ಕಪ್ಪಾಗಿತ್ತು. ಚೆಂದ ಕಾಣಲಿ ಅಂತ ಹೊಸ ವಾಲ್‌ನಟ್ ಮರ ತರಿಸಿ ಹಾಕಿಸಿದ್ದೆ. ನಾಲ್ಕು ಕೋಟ್ ಅಗಸೆ ಎಣ್ಣೆ ಕೊಟ್ಟಿದ್ದೇನೆ.

ಗ್ರೀಸ್ ಗೋಪಿ:
ಸ್ವಾಮೀ!! ಇದನ್ನು ಮೊದಲ ಸಾಲಿನಲ್ಲಿ ಬರೆಯುವುದಲ್ವಾ?

ಉಳಿ ಸುತ್ತಿಗೆ (ನ್ಯೂಜೆರ್ಸಿ):
ಈಗ ನನ್ನ ಸರದಿ. ಮರಗೆಲಸದವನು ನಾನು, ವಾರಾಂತ್ಯಕ್ಕೆ ಮಾತ್ರ.

ಹೊಸ ಮರವನ್ನು ಸಾಮಾನ್ಯವಾಗಿ ಸ್ವಲ್ಪ ಬಿಗಿಯಾಗಿಯೇ ಕೆತ್ತಿರುತ್ತಾರೆ, ಕೊಂಡವರು ತಮ್ಮ ರೈಫಲಿಗೆ ತಕ್ಕಂತೆ ಹೊಂದಿಸಿಕೊಳ್ಳಲಿ ಅಂತ. ಹಾಗಾಗಿ ಮಾರಿದವರ ತಪ್ಪಲ್ಲ. ಹಳೇ ಮರ ಎಂಬತ್ತು ವರ್ಷ ಆ ಕಬ್ಬಿಣದ ಜೊತೆ ಸಂಸಾರ ಮಾಡಿತ್ತು, ಎಲ್ಲಿ ಜಾಗ ಬಿಡಬೇಕು ಅಂತ ಅದಕ್ಕೆ ಗೊತ್ತಿತ್ತು.

ಎಲ್ಲಿ ಉಜ್ಜುತ್ತಿದೆ ಅಂತ ಹುಡುಕಲು ಇಲ್ಲಿ ಕಪ್ಪು ಪೇಸ್ಟ್ ಮಾರುತ್ತಾರೆ. ಬೇಡ, ಮನೆಯಲ್ಲಿ ಕಾಡಿಗೆ ಇದ್ದರೆ ಅದೇ ಸಾಕು. ರಾಡಿಗೆ ತೆಳ್ಳಗೆ ಹಚ್ಚಿ. ಮರ ಹಾಕಿ ಮುಚ್ಚಿ, ರಾಡನ್ನು ಹತ್ತು ಸಲ ಹಿಂದೆ ಮುಂದೆ ಆಡಿಸಿ, ಬಿಚ್ಚಿ. ಮರದಲ್ಲಿ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲೇ ತೊಂದರೆ. ಹೆಚ್ಚಾಗಿ ಬಲಗಡೆ, ರಿಸೀವರಿನ (ಬೋಲ್ಟ್ ಓಡಾಡುವ ಕಬ್ಬಿಣದ ಮೈ) ಮುಂದೆ, ರಾಡು ಬಾಗಿ ಕೆಳಗಿಳಿಯುವ ಜಾಗ. ಒಂದು ದುಂಡು ಕಡ್ಡಿಗೆ 120ರ ಸ್ಯಾಂಡ್‌ಪೇಪರ್ ಸುತ್ತಿ ಅಷ್ಟನ್ನೇ ತೆಗೆಯಿರಿ. ಹತ್ತು ಸಲ ಉಜ್ಜಿ, ಒಂದು ಸಲ ನೋಡಿ. ತೆಗೆದ ಮರ ವಾಪಸ್ ಬರುವುದಿಲ್ಲ. ರಿಸೀವರ್ ಕೂರುವ ಜಾಗವನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಸಡಿಲವಾದರೆ ಗುರಿ ಕೆಡುತ್ತದೆ. ಕೆಲಸ ಮುಗಿದ ಮೇಲೆ ಆ ಬರೀ ಮರಕ್ಕೆ ಎಣ್ಣೆ ಕೊಡಿ, ಇಲ್ಲದಿದ್ದರೆ ತೇವ ಕುಡಿದು ಮತ್ತೆ ಊದುತ್ತದೆ.

ಇದು ಎಲ್ಲಕ್ಕಿಂತ ಮುಖ್ಯ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅದು ಒಣಗುವಾಗ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ.

ಬರೀ ಓದುಗ:
ಬಟ್ಟೆ ತಾನೇ ಹೊತ್ತಿಕೊಳ್ಳುತ್ತದಾ? ನಮ್ಮಪ್ಪ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಗಳು ಅಟ್ಟದ ಮೇಲಿವೆ!

ಉಳಿ ಸುತ್ತಿಗೆ:
ಒಣಗಿ ಗಟ್ಟಿಯಾಗಿದ್ದರೆ ಆ ಅಪಾಯ ದಾಟಿದೆ. ಆದರೂ ಇವತ್ತೇ ಇಳಿಸಿ.

ಹಳೇ ಹವಾಲ್ದಾರ್:
ನಳಿಗೆ ತೊಳೆಯುವ ವಿಷಯ ಯಾರೂ ಎತ್ತಲಿಲ್ಲ. ಗ್ಯಾರಂಡಿನ ಹಿಂಬದಿ ಮುಚ್ಚಿದೆ, ಹಿಂದಿನಿಂದ ರಾಡ್ ತೂರಿಸಲು ಆಗುವುದಿಲ್ಲ ಅಂತ ಓದಿದ್ದೇನೆ. ಹಾಗಾದರೆ ಬಾಯಿಂದ ಹಾಕುತ್ತೀರಿ. ಉಕ್ಕಿನ ರಾಡು ಬಾಯಿಯ ಅಂಚನ್ನು ಉಜ್ಜುತ್ತಾ ಹೋದರೆ ಗುಂಡು ಅಡ್ಡಾದಿಡ್ಡಿ ಹೋಗುತ್ತದೆ. ಗುಂಡಿಗಿಂತ ಜಾಸ್ತಿ ನಳಿಗೆ ಸವೆಸಿದ್ದು ತೊಳೆಯುವ ರಾಡೇ. ನಾವು ಪುಲ್‌ಥ್ರೂಗೆ ಚಿಂದಿ ಕಟ್ಟಿ ಚೇಂಬರ್ ಕಡೆಯಿಂದ ಎಳೆಯುತ್ತಿದ್ದೆವು. ಅದೇ ಒಳ್ಳೆಯದು.

ಹಳೇ ಮಿಲಿಟರಿ ತೋಟಾ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಎಚ್ಚರ. ಯುದ್ಧದ ಕಾಲದ ಕೇಪಿನಲ್ಲಿ ಉಪ್ಪು ಉಳಿಸುವ ಮದ್ದು ಇರುತ್ತಿತ್ತು. ಆ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. .303 ಕಾಲದವರು ಫನಲ್ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದುದು ಅದಕ್ಕೇ. ಬಿಸಿನೀರು, ಚಿಂದಿ, ಆಮೇಲೆ ಎಣ್ಣೆ.

ಗ್ರೀಸ್ ಗೋಪಿ:
ಸರ್, ಗ್ಯಾರಂಡಿನ ಹಿಂಬದಿ ಮರದಲ್ಲೇ ಎರಡು ತೂತು ಕೊರೆದಿರುತ್ತಾರೆ. ಅದರೊಳಗೆ ಎಣ್ಣೆ ಡಬ್ಬಿ, ನಿಮ್ಮ ಪುಲ್‌ಥ್ರೂನಂಥದ್ದೇ ಹಗ್ಗ ಇಡುತ್ತಿದ್ದರು! ರಾಡು ಬಳಸುವವರು ಬಾಯಿಗೆ ಹಿತ್ತಾಳೆಯ ಗೈಡ್ ಹಾಕಿಕೊಳ್ಳಲಿ. ರೈಫಲನ್ನು ತಲೆಕೆಳಗಾಗಿ ಮಲಗಿಸಿ ತೊಳೆಯಲಿ. ಗ್ಯಾಸಿನ ತೂತು ಆಗ ಮೇಲ್ಗಡೆ ಬರುತ್ತದೆ, ಕೊಳೆ ನೀರು ಅದರೊಳಗೆ ಇಳಿಯುವುದಿಲ್ಲ.

ಒಹಾಯೊ ಕನ್ನಡಿಗ:
ಇವತ್ತು ರೇಂಜಿನಿಂದ ಬಂದು ಸೀದಾ ಇಲ್ಲಿ ಕೂತಿದ್ದೇನೆ.

ಕಾಡಿಗೆ ಪರೀಕ್ಷೆ ಮಾಡಿದೆ. ಉಳಿ ಸುತ್ತಿಗೆಯವರು ಹೇಳಿದ ಜಾಗದಲ್ಲೇ, ಬಲಗಡೆ, ಹೆಬ್ಬೆರಳಗಲ ಕಪ್ಪು. ಇನ್ನೊಂದು ಚುಕ್ಕೆ ಮರದ ಮುಂದಿನ ತುದಿಯ ಕಬ್ಬಿಣದ ಬಳೆ ಹತ್ತಿರ. ಅದನ್ನು ನಾನು ಎಣಿಸಿರಲಿಲ್ಲ. ಎರಡು ಸಂಜೆ ಉಜ್ಜಿದೆ. ಒಂದು ಹಾಳೆಯಷ್ಟು ದಪ್ಪ ಹೋಗಿರಬಹುದು, ಅಷ್ಟೇ. ವಾಲಿಸಿದರೆ ರಾಡು ಈಗ ಟಕ್ ಅಂತ ಆ ತುದಿ, ಟಕ್ ಅಂತ ಈ ತುದಿ. ಹೊಸ ಸ್ಪ್ರಿಂಗ್ ಹಾಕಿದೆ. ಕಾರ್ಟ್‌ನಲ್ಲಿದ್ದ ಉಳಿದೆರಡು ವಾಪಸ್.

ಐದು ಕ್ಲಿಪ್, 40 ಈಡು. ಒಂದೂ ಸಿಕ್ಕಿಕೊಳ್ಳಲಿಲ್ಲ. ಐದು ಸಲವೂ ಟಿಂಗ್. ಕೇಸು 1-2 ಗಂಟೆ ದಿಕ್ಕಿಗೆ, ಆರೇಳು ಅಡಿ ಮುಂದೆ. ಹೋದ ಸಲ ನಕ್ಕವರ ಬೆಂಚಿನ ಮೇಲೇ ಒಂದು ಹೋಗಿ ಕೂತಿತು. ಅವರೇ ಎತ್ತಿಕೊಟ್ಟರು, ಏನು ಮಾಡಿದಿರಿ ಅಂತ ಕೇಳಿದರು. ಕಾಡಿಗೆಗೆ ಇಂಗ್ಲಿಷಿನಲ್ಲಿ ಏನು ಅಂತ ತಕ್ಷಣ ಹೊಳೆಯಲಿಲ್ಲ.

ತೋಕ್‌ಪೂ ಅಕ್ಕ, ಈ ಸಲ ಕುಂಕುಮ ಮರಕ್ಕೆ ಮಾತ್ರ.

ತೋಕ್‌ಪೂ:
ಅದು ಸರಿ. ಕಾಡಿಗೆ ಡಬ್ಬಿ ಯಾರದು, ಕೇಳಿ ತಗೊಂಡಿದ್ದಾ?

ಒಹಾಯೊ ಕನ್ನಡಿಗ:
ಹೊಸದು ತರಲು ಹೊರಟಿದ್ದೇನೆ ಅಕ್ಕ. ಇಂಡಿಯನ್ ಸ್ಟೋರ್ ಎಂಟಕ್ಕೆ ಮುಚ್ಚುತ್ತದೆ.